ಪ್ರತ್ಯಕ್ಷವೂ ಸಾಲದು

ಒಂದು ಸಂಗತಿಯನ್ನು ನಂಬಲು ಅದನ್ನು ಸ್ವತಃ ಕಂಡಿರಬೇಕೇ, ತರ್ಕದಿಂದ ತಿಳಿದರೂ ಸಾಕೇ ಎಂದು ನಮ್ಮ ದಾರ್ಶನಿಕರು ಶತಮಾನಗಳ ಕಾಲ ವಾದಿಸಿದರು. ಚಾರ್ವಾಕರು ಪ್ರತ್ಯಕ್ಷವೊಂದನ್ನೇ ಒಪ್ಪಿದರು. ನ್ಯಾಯ ದರ್ಶನದವರಾದ ನೈಯಾಯಿಕರು ಹೊಗೆಯಿಂದ ಬೆಂಕಿಯನ್ನು ಅರಿಯುವ ಅನುಮಾನವನ್ನೂ ಸೇರಿಸಿ ಪ್ರಮಾಣಗಳು, ಅಂದರೆ ಅರಿವಿನ ಸಾಧನಗಳು, ನಾಲ್ಕೆಂದರು. ಮಧ್ವಾಚಾರ್ಯರಿಗೆ ಮೂರು ಸಾಕಾದವು. ಇವರಾರ ಪಟ್ಟಿಯಲ್ಲಿಯೂ ಇಲ್ಲದ ಹೊಸ ಪ್ರಮಾಣವೊಂದನ್ನು ಲೋಕಕ್ಕೆ ಕೊಟ್ಟ ಕೀರ್ತಿ ನಮ್ಮ ಪಿಂಚಣಿ ವ್ಯವಸ್ಥೆಯದು. 2014ರ ನವೆಂಬರ್‌ನಲ್ಲಿ ಡಿಜಿಟಲ್ ರೂಪ ತಳೆದ ಅದರ ಹೆಸರೇ ‘ಜೀವನ್ ಪ್ರಮಾಣ್’.

ಪ್ರತಿ ನವೆಂಬರ್‌ನಲ್ಲಿ ಪಿಂಚಣಿದಾರರು ತಾವಿನ್ನೂ ಬದುಕಿರುವುದನ್ನು ಸಾಬೀತುಪಡಿಸಬೇಕು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ಅಕ್ಷರಶಃ ಪಾಲಿಸುವ ಸ್ಥಳ ನಾಡಿನಲ್ಲಿ ಉಳಿದಿದ್ದರೆ ಅದು ಪಿಂಚಣಿ ಕೌಂಟರ್ ಮಾತ್ರ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಹೋದಾಗ, ದಶಕಗಳ ಸೀಮೆಸುಣ್ಣಕ್ಕೂ ವಯಸ್ಸಿಗೂ ಸವೆದಿದ್ದ ಅವರ ಹೆಬ್ಬೆರಳನ್ನು ಯಂತ್ರ ಗುರುತಿಸಲಿಲ್ಲ. “ಎದುರಿಗೇ ನಿಂತಿದ್ದೇನಲ್ಲಪ್ಪ!” ಎಂದರು ಮೇಷ್ಟ್ರು. “ನನಗೆ ಕಾಣ್ತಾ ಇದೆ ಸರ್, ಸಿಸ್ಟಮ್ ತಗೋತಾ ಇಲ್ಲ” ಎಂದ ಗುಮಾಸ್ತ. ಹೀಗೆ ಪ್ರತ್ಯಕ್ಷ ಬಿದ್ದುಹೋಯಿತು. ಬೈಯುತ್ತಿರುವವನು ಉಸಿರಾಡುತ್ತಿರಲೇಬೇಕು ಎಂಬ ಅನುಮಾನವನ್ನು ಮೇಷ್ಟ್ರು ಸಾಕಷ್ಟು ಗಟ್ಟಿಯಾಗಿಯೇ ಮಂಡಿಸಿದರು, ಅದೂ ನಿಲ್ಲಲಿಲ್ಲ.

ತರ್ಕಕ್ಕೆ ಕಚೇರಿಗಳಲ್ಲಿ ಇರುವ ಬೆಲೆಯನ್ನು ಉತ್ತರ ಪ್ರದೇಶದ ಆಜಂಗಢ ಜಿಲ್ಲೆಯ ಲಾಲ್ ಬಿಹಾರಿ ಬಹಳ ಹಿಂದೆಯೇ ಅಳೆದು ನೋಡಿದ್ದಾರೆ. ಕಂದಾಯ ದಾಖಲೆಯಲ್ಲಿ ಸತ್ತಿದ್ದ ಅವರು ಹೆಸರಿನ ಜೊತೆ ‘ಮೃತಕ’ ಎಂದು ಸೇರಿಸಿಕೊಂಡು ಚುನಾವಣೆಗೆ ನಿಂತರು. ತಾನು ಸತ್ತಿದ್ದರೆ ಹೆಂಡತಿ ವಿಧವೆಯೇ ಆಗಬೇಕಲ್ಲವೇ ಎಂದು ಆಕೆಗೆ ವಿಧವಾ ವೇತನವನ್ನೂ ಕೇಳಿದರು. ನ್ಯಾಯ ದರ್ಶನದ ಮೂಲಪುರುಷ ಗೌತಮ ಮುನಿಯೂ ದೋಷ ಹುಡುಕಲಾರದ ಅನುಮಾನವದು. ಆದರೂ ಅವರು ಜೀವಂತರಾದದ್ದು 1994ರಲ್ಲಿ, ದಾಖಲೆ ತಿದ್ದಿದ ಮೇಲೆಯೇ.

ಈಗ ಬೆರಳು ಸೋತವರಿಗೆ ಮುಖ ತೋರಿಸುವ ಆ್ಯಪ್ ಬಂದಿದೆ. ಅದು ಕಣ್ಣು ಮಿಟುಕಿಸಲು ಹೇಳುತ್ತದೆ. ಸ್ವಯಂವರದಲ್ಲಿ ನಳನ ವೇಷ ತೊಟ್ಟು ಕುಳಿತಿದ್ದ ದೇವತೆಗಳ ನಡುವೆ, ರೆಪ್ಪೆ ಮಿಟುಕಿಸುವವನೇ ಮನುಷ್ಯನೆಂದು ದಮಯಂತಿ ಗುರುತಿಸಿದ್ದು ಇದೇ ವಿಧಾನದಿಂದ. ಅವಳ ಮುಂದೆ ಐವರು ನಳರಿದ್ದರು. ಇಲ್ಲಿ ಇದ್ದ ಒಬ್ಬರೇ ಮೇಷ್ಟ್ರನ್ನು, ಒಳಗೆ ಬೆಳಕು ಸಾಲದೆಂದು ಗುಮಾಸ್ತ ಕೈಹಿಡಿದು ಬಿಸಿಲಿಗೆ ಕರೆದೊಯ್ದು, “ಇನ್ನೊಂದು ಸಲ ಮಿಟುಕಿಸಿ ಸರ್” ಎನ್ನುತ್ತಿದ್ದ.