ಸತ್ಯಾಂಶ: ರ‍್ಯಾಲಿಗೆ ಟರ್ಬೊ ಕಾರೇ ಬೇಕಾ?

"ರ‍್ಯಾಲಿಗೆ ಇಳಿಯೋರು ಫೋರ್ ವೀಲ್ ಡ್ರೈವ್, ಟರ್ಬೊ ಇರೋ ಹಳೇ ಕಾರನ್ನೇ ತಗೊಳ್ಳಿ. ತುಕ್ಕು ಹಿಡಿದಿದ್ದರೂ ಚಿಂತೆಯಿಲ್ಲ, ರೋಲ್ ಕೇಜ್ ಹಾಕಿದರೆ ಬಾಡಿ ಗಟ್ಟಿಯಾಗುತ್ತೆ." ಈ ಸಂದೇಶ ಮತ್ತೆ ಮತ್ತೆ ಫಾರ್ವರ್ಡ್ ಆಗುತ್ತಿದೆ. ಟರ್ಬೊ ಅಂದರೆ ಎಂಜಿನ್‌ಗೆ ಹೆಚ್ಚು ಗಾಳಿ ನುಗ್ಗಿಸಿ ಶಕ್ತಿ ಹೆಚ್ಚಿಸುವ ಸಾಧನ. ರೋಲ್ ಕೇಜ್ ಅಂದರೆ ಕಾರು ಪಲ್ಟಿಯಾದಾಗ ಒಳಗಿರುವವರನ್ನು ಕಾಪಾಡಲು ಕೂರಿಸುವ ಲೋಹದ ಕೊಳವೆಗಳ ಚೌಕಟ್ಟು. ಸಂದೇಶದಲ್ಲಿರುವ ಎರಡು ಮಾತೂ ತಪ್ಪು.

ಮೊದಲನೆಯದಕ್ಕೆ ಉತ್ತರ ಸುಲಭ. 1964, 1965 ಮತ್ತು 1967ರಲ್ಲಿ ಯುರೋಪಿನ ಹೆಸರಾಂತ ಮಾಂಟೆ ಕಾರ್ಲೊ ಕಾರ್ ರ‍್ಯಾಲಿ ಗೆದ್ದದ್ದು ಪುಟ್ಟ ಮಿನಿ ಕೂಪರ್ ಎಸ್. ಅದಕ್ಕೆ ಟರ್ಬೊ ಇರಲಿಲ್ಲ, ಎಂಜಿನ್ ಶಕ್ತಿ ಹೋಗುತ್ತಿದ್ದದ್ದೂ ಮುಂದಿನ ಎರಡೇ ಚಕ್ರಗಳಿಗೆ. ಹೊಸಬರಿಗೆ ಹಗುರವಾದ, ಟರ್ಬೊ ಇಲ್ಲದ ಮಾಮೂಲಿ ಕಾರೇ ವಾಸಿ. ಫೋರ್ ವೀಲ್ ಡ್ರೈವ್ ಅಂದರೆ ಎಂಜಿನ್ ಶಕ್ತಿಯನ್ನು ಚಕ್ರಗಳಿಗೆ ಮುಟ್ಟಿಸುವ ಡಿಫರೆನ್ಷಿಯಲ್, ಶಾಫ್ಟ್ ಎಲ್ಲವೂ ಜಾಸ್ತಿ. ಕೆಡುವ ಭಾಗವೂ ಜಾಸ್ತಿ, ಅಲ್ವಾ?

ಎರಡನೆಯದು ಮಾತ್ರ ನಿಜಕ್ಕೂ ಅಪಾಯ. ಕೇಜ್‌ನ ಕಾಲುಗಳು ನಿಲ್ಲುವುದೇ ಬಾಡಿಯ ತಗಡಿನ ಮೇಲೆ. ಆ ತಗಡು ತುಕ್ಕು ತಿಂದಿದ್ದರೆ, ಕಾರು ಪಲ್ಟಿಯಾದಾಗ ಕಾಲು ಫ್ಲೋರನ್ನೇ ತೂತು ಮಾಡಿಕೊಂಡು ಇಳಿದುಬಿಡಬಹುದು. ಹಾಗಾಗಿ ಹೊಳೆಯುವ ಪೇಂಟ್ ನೋಡಿ ಮರುಳಾಗಬೇಡಿ. ಕಾರ್ಪೆಟ್ ಎತ್ತಿಸಿ. ಬಾಗಿಲ ಕೆಳಗಿನ ಅಂಚು, ಬಾನೆಟ್ ಒಳಗೆ ಸಸ್ಪೆನ್ಷನ್ ಸ್ಟ್ರಟ್ ಬಿಗಿದ ಜಾಗ, ಹಿಂದಿನ ಆಕ್ಸಲ್ ಕೂರುವ ಜಾಗ ಇವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ತಗಡು ಠಣ್ ಅನ್ನುತ್ತದೆ. ಮಂಕಾದ ಸದ್ದು ಬಂದರೆ ಒಳಗೆ ತುಕ್ಕೋ, ತೂತು ಮುಚ್ಚಲು ಮೆತ್ತಿದ ಪುಟ್ಟಿಯೋ ಇರಬಹುದು. ಅಂಥ ಕಾರು ಸುಮ್ನೆ ಸಿಕ್ಕರೂ ನನ್ನ ಮಟ್ಟಿಗೆ ಬೇಡ.

ಇನ್ನು ದುಡ್ಡಿನ ವಿಷಯ. ಕಾರಿನ ಬೆಲೆಗಿಂತ ಕೇಜ್, ಸೀಟ್, ಬೆಲ್ಟ್, ಸಸ್ಪೆನ್ಷನ್‌ಗೇ ಹೆಚ್ಚು ಹೋಗುವುದುಂಟು. ಅಡ್ವಾನ್ಸ್ ಕೊಡುವ ಮೊದಲೇ ನೀವು ಸ್ಪರ್ಧಿಸುವ ಕ್ಲಾಸಿನ (ವಿಭಾಗದ) ನಿಯಮ ಓದಿ, ಆ ಮಾಡೆಲ್‌ಗೆ ಸ್ಪೇರ್ ಪಾರ್ಟ್ಸ್ ಈಗಲೂ ಸಿಗುತ್ತವಾ ವಿಚಾರಿಸಿ.