ಐದನೇ ವಿಲ್ಲು, ಐದು ಪಾಲಿಕೆ

ರಾಜಾಜಿನಗರದ ನಮ್ಮ ದೊಡ್ಡಪ್ಪ ಮತ್ತೆ ವಿಲ್ ಬದಲಾಯಿಸುತ್ತಿದ್ದಾರೆ. ಇದು ಐದನೇ ವಿಲ್ಲು. ಗಾಬರಿ ಬೇಡ, ಮನೆಯಲ್ಲಿ ಜಗಳವೇನೂ ಆಗಿಲ್ಲ. ಯಾರೂ ಓಡಿಹೋಗಿ ಮದುವೆಯಾಗಿಲ್ಲ, ಸೊಸೆ ಕಾಫಿಗೆ ಸಕ್ಕರೆ ಕಡಿಮೆ ಮಾಡಿಲ್ಲ. ಇಬ್ಬರು ಮಕ್ಕಳು, ಒಂದು ಮನೆ, ಸಮಪಾಲು. 1996ರಿಂದ ಅವರ ಮನಸ್ಸು ಒಂದಿಂಚೂ ಅಲುಗಾಡಿಲ್ಲ. ಅಲುಗಾಡಿದ್ದು ಊರು.

ಮದುವೆ, ಮಗು, ವಿಚ್ಛೇದನ, ಸಾವು, ಹೊಸ ಆಸ್ತಿ, ಹೀಗೆ ಏನಾದರೂ ಆದಾಗ ವಿಲ್ ತೆಗೆದು ಒಮ್ಮೆ ನೋಡಿ ಅಂತ ವಕೀಲರು ಹೇಳುತ್ತಾರೆ. ಒಳ್ಳೇ ಮಾತು. ಬೆಂಗಳೂರಿನವರಿಗೆ ಇನ್ನೊಂದು ಸೇರಿಸಬೇಕಿತ್ತು: ಸರ್ಕಾರಕ್ಕೆ ಹೊಸ ಐಡಿಯಾ ಬಂದಾಗ.

ಮೊದಲ ವಿಲ್ ಬರೆದಾಗ ಮನೆ ಮಹಾನಗರ ಪಾಲಿಕೆಯಲ್ಲಿತ್ತು. 2007ರಲ್ಲಿ ಪಾಲಿಕೆ 'ಬೃಹತ್' ಆಯಿತು. 2014ರ ನವೆಂಬರ್ 1ಕ್ಕೆ ಇಂಗ್ಲಿಷಿನಲ್ಲಿ ಊರಿನ ಸ್ಪೆಲ್ಲಿಂಗೇ ಬದಲಾಯಿತು. ದೊಡ್ಡಪ್ಪನ ವಿಲ್ ಇಂಗ್ಲಿಷಿನಲ್ಲಿತ್ತು! 2024ರಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ, ಅಂದರೆ ಕಂಪ್ಯೂಟರಿನಲ್ಲಿರುವ ಖಾತೆ, ಕಡ್ಡಾಯ ಅಂದರು. ಅದಾದ ಮೇಲೆ, 2025ರ ಸೆಪ್ಟೆಂಬರ್ 2ಕ್ಕೆ ಆ ಬೃಹತ್ ಪಾಲಿಕೆಯನ್ನೇ ಐದು ಪಾಲಿಕೆಗಳಾಗಿ ಒಡೆದರು.

ಪಾಲಿಕೆ ತೀರಿಕೊಂಡಿತು. ವಿಲ್ ಬರೆಯದೇ ತೀರಿಕೊಂಡಿತು. 2020ರಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿದಾಗಲೇ ಐಸಿಯು ಸೇರಿತ್ತು ಅನ್ನಿ. ಹಿಂದೆ ಐದು ಮಕ್ಕಳು: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಒಬ್ಬನ ಪಾಲಿಗೆ ಟೆಕ್ ಪಾರ್ಕುಗಳ ತೆರಿಗೆ, ಇನ್ನೊಬ್ಬನ ಪಾಲಿಗೆ ಹಳೇ ಪೇಟೆಯ ಚರಂಡಿ. ಕಸ ಯಾರ ಪಾಲಿಗೆ? ಅರ್ಧ ತೋಡಿದ ರಸ್ತೆ ಯಾರಿಗೆ? ಗಡಿಯ ಮೇಲೇ ಬಿದ್ದಿರುವ ಗುಂಡಿಯನ್ನು ಅಣ್ಣತಮ್ಮಂದಿರು ಹೇಗೆ ಹಂಚಿಕೊಳ್ಳುತ್ತಾರೆ? ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಅಂತ ಒಂದು ಅವಿಭಕ್ತ ಕುಟುಂಬ ಇದೆ, ಮುಖ್ಯಮಂತ್ರಿಗಳೇ ಯಜಮಾನರು. ಬೀಗದ ಕೈ ಗೊಂಚಲು ಅವರ ಸೊಂಟದಲ್ಲೇ ಇದೆ. ಹಾಗಿದ್ದ ಮೇಲೆ ಭಾಗ ಯಾಕೆ ಮಾಡಿದರು ಅಂತ ಕೇಳಬೇಡಿ. ದೊಡ್ಡ ಮನೆಗಳ ವಿಷಯ.

ಇಷ್ಟಕ್ಕೆಲ್ಲ ವಿಲ್ ಬದಲಾಯಿಸಬೇಕಾ? ಬೇಡ. ಪಾಲಿಕೆಯ ಹೆಸರು ಬದಲಾದರೆ ವಿಲ್ ಸಾಯುವುದಿಲ್ಲ. ನಾನೂ ಹೇಳಿ ನೋಡಿದೆ. ದೊಡ್ಡಪ್ಪ ಕನ್ನಡಕದ ಮೇಲಿಂದ ನೋಡಿದರು. "ಕಾನೂನಿಗೆ ಅರ್ಥ ಆಗುತ್ತೆ ಕಣೋ. ಕೌಂಟರಿಗೆ ಆಗಲ್ಲ."

ಆ ಹಳೇ ವಿಲ್‌ನ ಚೆಕ್ಕುಬಂದಿ ಮಾತ್ರ ಓದುವುದಕ್ಕೇ ಒಂದು ಸುಖ. ಪೂರ್ವಕ್ಕೆ ಖಾಲಿ ಸೈಟು, ಪಶ್ಚಿಮಕ್ಕೆ ಹೆಂಚಿನ ಮನೆ, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ತೆಂಗಿನ ಮರ ಮತ್ತು ಬಾವಿ. ಈಗ ಪೂರ್ವಕ್ಕೆ ಐದು ಮಹಡಿಯ ಪೀಜಿ, ಪಶ್ಚಿಮಕ್ಕೂ ಪೀಜಿ, ದಕ್ಷಿಣಕ್ಕೆ ಪೀಜಿಯವರ ವಾಷಿಂಗ್ ಮೆಷಿನ್. ಉತ್ತರದಲ್ಲಿ ರಸ್ತೆ ಇದೆ, ಅದರ ಮೇಲೆ ಪೀಜಿಯವರ ಸ್ಕೂಟರುಗಳಿವೆ. ಹೊಸ ಚೆಕ್ಕುಬಂದಿಗೆ ಒಂದೇ ಸಾಲು ಸಾಕು.

ಮಗನಿಗೆ ಅಂತ ಬರೆದಿದ್ದ ಚೇತಕ್ ಸ್ಕೂಟರು ಗುಜರಿಗೆ ಹೋಗಿದೆ. ಸಾಯುವ ಹೊತ್ತಿಗೆ ವಸ್ತುವೇ ಇಲ್ಲದಿದ್ದರೆ ಆ ಸಾಲು ಸುಮ್ನೆ ಶಾಯಿ ದಂಡ. ಮಗಳಿಗೆ ಅವಲಕ್ಕಿ ಸರ, ಮಗನಿಗೆ ಲ್ಯಾಂಡ್‌ಲೈನ್ ಡಿಪಾಸಿಟ್ ಅಂತಲೂ ಇತ್ತು. ಆಗ ಅದು ಹೆಚ್ಚುಕಡಿಮೆ ಸಮವಂತೆ. ಇವತ್ತಿನ ಚಿನ್ನದ ರೇಟು ನೋಡಿದ ಮೇಲೆ ಮಗ ಎರಡು ದಿನ ಮಾತಾಡಲಿಲ್ಲ. ಬ್ಯಾಂಕಿನಲ್ಲಿ 2025ರ ನವೆಂಬರ್‌ನಿಂದ ನಾಲ್ಕು ಜನ ನಾಮಿನಿಗಳನ್ನು ಹಾಕಬಹುದಂತೆ. ನಾಮಿನಿ ಅಂದರೆ ದುಡ್ಡು ಈಸಿಕೊಳ್ಳುವವನೇ ಹೊರತು ಒಡೆಯ ಅಲ್ಲ ಅಂತ ಒಬ್ಬ ನಾಮಿನಿಗೆ ಅರ್ಥ ಮಾಡಿಸುವುದೇ ಕಷ್ಟ. ಈಗ ನಾಲ್ವರಿಗೆ ಮಾಡಿಸಬೇಕು.

ಎಲ್ಲರೂ "ವಿಲ್ ಮಾಡಿಡಿ, ಮಕ್ಕಳಿಗೆ ತೊಂದರೆ ತಪ್ಪುತ್ತೆ" ಅನ್ನುತ್ತಾರಲ್ಲ, ನಮ್ಮಪ್ಪ ಮಾಡಿಟ್ಟಿದ್ದರು. ಇಬ್ಬರು ಸಾಕ್ಷಿಗಳು, ಸಹಿ, ಎಲ್ಲ ಸರಿಯಾಗಿತ್ತು. ನೋಂದಣಿ ಕಡ್ಡಾಯ ಅಲ್ಲದಿದ್ದರೂ ಮಾಡಿಸಿದ್ದರು. ಅವರು ಹೋದ ಮೇಲೆ ಖಾತೆ ಬದಲಾವಣೆಗೆ ಒಂದು ಕಚೇರಿಯಲ್ಲಿ ನಿಂತೆ. "ಉಳಿದ ಮಕ್ಕಳಿಂದ ಎನ್‌ಒಸಿ ತನ್ನಿ" ಅಂದರು. ಉಳಿದವರನ್ನು ಕೇಳುತ್ತಾ ಕೂರುವುದು ಬೇಡ ಅಂತಲೇ ಅಲ್ವಾ ಸ್ವಾಮಿ ಮನುಷ್ಯ ವಿಲ್ ಬರೆಯುವುದು? ತಂದುಕೊಟ್ಟೆ. ವಂಶವೃಕ್ಷ ಅಂದರು. ತಂದುಕೊಟ್ಟೆ. ಆಮೇಲೆ, ಖಾತೆಯಲ್ಲಿ ಇನಿಷಿಯಲ್ ಹೆಸರಿನ ಮುಂದಿದೆ, ಮರಣ ಪ್ರಮಾಣಪತ್ರದಲ್ಲಿ ಹಿಂದಿದೆ, ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಕೊಡಿ ಅಂದರು. ಅಪ್ಪ ಹೋಗಿ ಆಗ ತಿಂಗಳೂ ಆಗಿರಲಿಲ್ಲ. ನಮ್ಮಪ್ಪ ನಮ್ಮಪ್ಪನೇ ಅಂತ ಬಾಂಡ್ ಪೇಪರಿನ ಮೇಲೆ ಬರೆದು ಸಹಿ ಹಾಕಿಕೊಟ್ಟೆ. ಅದನ್ನು ಈಸಿಕೊಂಡವರು ತಲೆ ಎತ್ತಿಯೂ ನೋಡಲಿಲ್ಲ. ಇದರಲ್ಲಿ ನಗುವುದಕ್ಕೆ ಏನೂ ಇಲ್ಲ. ಇವತ್ತಿಗೂ ಆ ರಸ್ತೆಯಲ್ಲಿ ಹೋಗುವಾಗ ನನಗೆ ಮೈ ಉರಿಯುತ್ತದೆ.

ಹಾಗಾಗಿ ದೊಡ್ಡಪ್ಪನನ್ನು ಹುಚ್ಚರು ಅನ್ನಲು ನನಗೆ ಬಾಯಿ ಬರುವುದಿಲ್ಲ. ನಿನ್ನೆ ರಾತ್ರಿ ಫೋನ್ ಮಾಡಿದ್ದರು. ಹಳೇ ಸಾಕ್ಷಿಗಳಲ್ಲಿ ಒಬ್ಬರು ಹೋಗಿಬಿಟ್ಟರು, ಇನ್ನೊಬ್ಬರು ಮಗನ ಜೊತೆ ಟೆಕ್ಸಾಸ್ ಸೇರಿದರು. ಸಾಕ್ಷಿ ಅಂದರೆ ನಮಗಿಂತ ಹೆಚ್ಚು ಬಾಳುವವನಾಗಿರಬೇಕು ಅಂತ ಈಗ ಅವರಿಗೆ ಜ್ಞಾನೋದಯವಾಗಿದೆ.

"ಭಾನುವಾರ ಬಾರೋ, ಸಾಕ್ಷಿ ಹಾಕ್ಬೇಕು. ನಿನಗೆ ಶುಗರ್ ಇಲ್ಲ ತಾನೇ?"

ಇಲ್ಲ ಅಂದೆ.

"ಬಿಪಿ?"

ಸ್ವಲ್ಪ ಇದೆ, ಮಾತ್ರೆ ತಗೋತಿದ್ದೀನಿ ಅಂದೆ. ಆ ಕಡೆ ಒಂದು ನಿಮಿಷ ಸದ್ದಿಲ್ಲ.

"ಸರಿ, ನಿನ್ನ ಮಗಳನ್ನೂ ಕರ್ಕೊಂಡು ಬಾ. ಅವಳಿಗೆ ಹದಿನೆಂಟಾಯ್ತಲ್ಲ?"