ಅಗ್ಗದ ಚೈನೀಸ್ ಬಫೆ ಅಂತ ಮೂಗು ಮುರಿಯುವವರಿಗೆ

ಮೆನು ಕಾರ್ಡ್ ಕೈಗೆ ಬಂದ ತಕ್ಷಣ ಬಲಗಡೆಯ ಸಾಲನ್ನು ಮೊದಲು ಓದುವವರು ಎಷ್ಟು ಜನ ಇದ್ದೀರಿ? ನಾನು ಬೆಳೆದ ಮನೆಯಲ್ಲಿ ಎಲ್ಲರೂ ಹಾಗೇ. ಅಪ್ಪ ಕಾರ್ಡ್ ನೋಡಿ, ಮಡಚಿಟ್ಟು, "ನಂಗೆ ಅಷ್ಟೇನೂ ಹಸಿವಿಲ್ಲ, ನೀವು ತಗೊಳ್ಳಿ" ಅನ್ನುತ್ತಿದ್ದರು. ಅಮ್ಮ "ಒಂದು ಫ್ರೈಡ್ ರೈಸ್ ಹೇಳಿ ಬೈ ಟೂ ಮಾಡಿಸೋಣ" ಅನ್ನುತ್ತಿದ್ದರು. ಬಂದ ಮಂಚೂರಿ ಪ್ಲೇಟಿನಲ್ಲಿ ತಲೆಗೆ ಎಷ್ಟು ತುಂಡು ಬರುತ್ತೆ ಅಂತ ಮಕ್ಕಳಾದ ನಮಗೆ ಮೊದಲೇ ಗೊತ್ತಿರುತ್ತಿತ್ತು. ಹೋಟೆಲಿಗೆ ಹೋಗಿಯೂ ಯಾರೂ ಬೇಕಾದ್ದನ್ನು ತಿಂದು ಬರುತ್ತಿರಲಿಲ್ಲ.

ಅದಕ್ಕೇ ನನಗೆ ಕಡಿಮೆ ರೇಟಿನ ಚೈನೀಸ್ ಬಫೆ ಅಂದರೆ ಇಷ್ಟ. ಇದನ್ನು ನಾಚಿಕೆ ಇಲ್ಲದೆ ಹೇಳುತ್ತೇನೆ. ದಾವಣಗೆರೆಯಲ್ಲಿ ನಾವು ಹೋಗುವ ಕಡೆ ದೊಡ್ಡವರಿಗೆ 249 ರೂಪಾಯಿ, ಚಿಕ್ಕ ಮಕ್ಕಳಿಗೆ ಅದರ ಅರ್ಧ, ಮೇಲೆ 5% ಜಿಎಸ್‌ಟಿ. ಮನೆಯಿಂದ ಹೊರಡುವಾಗಲೇ ಬಿಲ್ ಎಷ್ಟಾಗುತ್ತೆ ಅಂತ ಲೆಕ್ಕ ಸಿಗುತ್ತೆ. ಒಳಗೆ ಹೋದ ಮೇಲೆ ಯಾರೂ ಯಾರ ತಟ್ಟೆಯನ್ನೂ ನೋಡಬೇಕಾಗಿಲ್ಲ. ಹಸಿವಿಲ್ಲ ಅಂತ ಸುಳ್ಳು ಹೇಳಬೇಕಾಗಿಲ್ಲ. ಹತ್ತಾರು ಬಗೆ ಇಟ್ಟಿರುವುದಕ್ಕಿಂತ ಇದು ದೊಡ್ಡ ವಿಷಯ ಅಂತ ನನಗನ್ನಿಸುತ್ತೆ.

ಭಾನುವಾರ ಮಧ್ಯಾಹ್ನ ಅಲ್ಲಿ ಬರುವವರನ್ನು ಸುಮ್ನೆ ನೋಡಿ. ಮೆಡಿಕಲ್, ಎಂಜಿನಿಯರಿಂಗ್ ಹಾಸ್ಟೆಲ್ ಹುಡುಗರು. ಬಟ್ಟೆ ಅಂಗಡಿಗಳಲ್ಲಿ ವಾರವೆಲ್ಲ ನಿಂತೇ ಕೆಲಸ ಮಾಡುವ ಹುಡುಗಿಯರು. ಜಗಳೂರು, ಚನ್ನಗಿರಿ ಕಡೆಯಿಂದ ಮದುವೆ ಜವಳಿ ತೆಗೆಯೋಕೆ ಬಂದ ಮನೆಮಂದಿ, ಕೈಯಲ್ಲಿ ದೊಡ್ಡ ದೊಡ್ಡ ಚೀಲ. ಅಜ್ಜಿ ಇರುತ್ತಾರೆ, ಕೂಸು ಇರುತ್ತೆ. ಮದುವೆ ಮನೆಯಲ್ಲಿ ಬಫೆ ಅಂದರೆ ನಿಂತು ತಿನ್ನಬೇಕು ಅಂತ ನಮ್ಮ ಹಿರಿಯರಿಗೆ ಸಿಟ್ಟು. ಇಲ್ಲಿ ಆ ತೊಂದರೆ ಇಲ್ಲ, ಕುರ್ಚಿ ಟೇಬಲ್ ಇದೆ. ಅಜ್ಜಿ ಕೂತಲ್ಲೇ ಕೂರುತ್ತಾರೆ, ಮೊಮ್ಮಕ್ಕಳು ತಂದು ತಂದು ಬಡಿಸುತ್ತಾರೆ.

ಇನ್ನೊಂದು ಮಾತು. ಏನು ಅಂತಲೇ ಗೊತ್ತಿಲ್ಲದ ತಿಂಡಿಯನ್ನು 180 ರೂಪಾಯಿ ಕೊಟ್ಟು ತರಿಸೋಕೆ ನಮ್ಮಂಥವರಿಗೆ ಧೈರ್ಯ ಬರಲ್ಲ. ಚೆನ್ನಾಗಿಲ್ಲದಿದ್ದರೆ ದುಡ್ಡು ದಂಡ ಅಲ್ವಾ? ಬಫೆಯಲ್ಲಿ ಒಂದು ಚಮಚ ಹಾಕಿಕೊಂಡು ನೋಡಬಹುದು. ನನ್ನ ಅತ್ತೆ ಹೀಗೇ ಹಾಟ್ ಆಂಡ್ ಸೋರ್ ಸೂಪ್ ರುಚಿ ಹತ್ತಿಸಿಕೊಂಡರು. ಕಾರ್ಡ್ ನೋಡಿ ಆರ್ಡರ್ ಮಾಡುವ ಜಾಗದಲ್ಲಾಗಿದ್ದರೆ ಅವರು ಜನ್ಮದಲ್ಲಿ ಅದನ್ನು ಕೇಳುತ್ತಿರಲಿಲ್ಲ. ಮೊದಲ ಸಲ ಬಟ್ಟಲು ಮೂಗಿನ ಹತ್ತಿರ ಹಿಡಿದು, ಒಂದು ಗುಟುಕು ಕುಡಿದು, "ಮೆಣಸಿನ ಸಾರಿಗೆ ಗಂಜಿ ಬೆರೆಸಿದಂಗೆ ಐತಲ್ಲೇ, ಗಂಟಲಿಗೆ ಹಿತ ಐತಿ" ಅಂದರು. ಈಗ ನೆಗಡಿ ಆದಾಗೆಲ್ಲ ಅದನ್ನೇ ಕೇಳುತ್ತಾರೆ.

ಆ ಸೂಪ್ ಹಾಗೆ ಗಟ್ಟಿಯಾಗಿ ಇಳಿಯುವುದು ಕಾರ್ನ್‌ಫ್ಲೋರ್‌ನಿಂದ. ಗೋಬಿ ಗರಿಗರಿ ಆಗುವುದೂ, ಮಂಚೂರಿ ಗ್ರೇವಿ ಮಿರಮಿರ ಹೊಳೆಯುವುದೂ ಅದರಿಂದಲೇ. ಅದು ಮೆಕ್ಕೆಜೋಳದ ಪಿಷ್ಟ. ಮೆಕ್ಕೆಜೋಳ ಜಾಸ್ತಿ ಬೆಳೆಯುವ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಸುಗ್ಗಿಯಲ್ಲಿ ಹಳ್ಳಿ ರಸ್ತೆಗಳ ಅಂಚಿಗೆ ಹಳದಿ ಕಾಳು ಒಣಗಿಸಿರುವುದನ್ನು ನೋಡದವರು ಇಲ್ಲಿ ಯಾರಿದ್ದಾರೆ? 2025-26ಕ್ಕೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಅಷ್ಟು ಸಿಗುತ್ತಿಲ್ಲ ಅಂತ ನಮ್ಮ ಕಡೆಯ ರೈತರು ಬೀದಿಗಿಳಿದರು. ಅದೇ ಕಾಳು ಫ್ಯಾಕ್ಟರಿಗೆ ಹೋಗಿ ಬಿಳಿ ಪುಡಿಯಾಗಿ ಪ್ಯಾಕೆಟ್‌ನಲ್ಲಿ ವಾಪಸ್ ಬಂದರೆ ನಾವು ಅದನ್ನು ಚೈನೀಸ್ ಅಂತ ತಿನ್ನುತ್ತೇವೆ. ಫ್ರೈಡ್ ರೈಸಿನ ಅಕ್ಕಿಯೂ ದೂರದ್ದಲ್ಲ. ಭದ್ರಾ ನಾಲೆಯ ನೀರು ಹರಿಯುವ ಕಡೆಯೆಲ್ಲ ಭತ್ತವೇ ತಾನೇ.

ಹಾಗಾಗಿ "ಇದು ನಿಜವಾದ ಚೈನೀಸೇ ಅಲ್ಲ" ಅನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಅಲ್ಲ, ಸರಿ. ಯಾರು ಹೌದು ಅಂದರು? ಕೋಲ್ಕತ್ತಾಗೆ ಬಂದು ನೆಲೆಸಿದ ಹಕ್ಕಾ ಸಮುದಾಯದ ಚೀನೀಯರು ಅಲ್ಲಿನ ಟಾಂಗ್ರಾ ಬಡಾವಣೆಯಲ್ಲಿ ಚರ್ಮ ಹದ ಮಾಡುತ್ತಾ, ಜೊತೆಗೆ ಹೋಟೆಲ್ ನಡೆಸುತ್ತಾ, ನಮ್ಮ ನಾಲಿಗೆಗೆ ಹೊಂದುವ ಹಾಗೆ ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ ಸೇರಿಸಿ ಬೆಳೆಸಿದ ಅಡುಗೆ ಇದು. ಕೋಲ್ಕತ್ತಾದಲ್ಲೇ ಹುಟ್ಟಿದ ಬಾಣಸಿಗ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಚಿಕನ್ ಮಂಚೂರಿ ಮಾಡಿದರು ಅಂತ ಹೇಳುತ್ತಾರೆ. ಗರಂ ಮಸಾಲೆ ಬಿಟ್ಟು ಸೋಯಾ ಸಾಸ್, ಕಾರ್ನ್‌ಫ್ಲೋರ್ ಹಾಕಿದ್ದೇ ಅದರ ಗುಟ್ಟು. ಕೋಳಿ ಜಾಗಕ್ಕೆ ಹೂಕೋಸು ಬಂದ ಮೇಲೆ ಅದು ನಮ್ಮ ಬೀದಿ ಬೀದಿಯ ಗಾಡಿಗೂ ಬಂತು. ಮಾಂಸ ಮುಟ್ಟದ ಎಷ್ಟೋ ಮನೆಗಳ ಮಕ್ಕಳು ಇದನ್ನು ತಿಂದೇ ಬೆಳೆದರು. ಇದು ಈ ದೇಶದ್ದೇ ಅಡುಗೆ. ಅದಕ್ಕೆ ಮರ್ಯಾದೆ ಕೊಟ್ಟರೆ ನಮ್ಮದೇನೂ ಹೋಗಲ್ಲ.

ಇಷ್ಟು ಪ್ರೀತಿ ಇರುವುದರಿಂದಲೇ ಮುಂದಿನ ಮಾತು ಹೇಳುತ್ತಿದ್ದೇನೆ. ರೇಟು ಕಡಿಮೆ ಇರಲಿ, ಆದರೆ ಟ್ರೇಗಳನ್ನು ಸರಿಯಾಗಿ ನೋಡಿಕೊಳ್ಳಿ.

ಚೈನೀಸ್ ಅಡುಗೆಯ ಜೀವ ಇರುವುದೇ ಜೋರು ಉರಿಯಲ್ಲಿ. ಕಾದು ಹೊಗೆಯಾಡುವ ಬಾಣಲೆಗೆ ನೂಡಲ್ಸ್ ಬಿದ್ದು, ಎರಡು ಮೂರು ನಿಮಿಷ ಎಗರಿ, ಸೀದಾ ತಟ್ಟೆಗೆ ಬರಬೇಕು. ಬಫೆಯಲ್ಲಿ ಹಾಗಾಗುವುದಿಲ್ಲ. ಅಡುಗೆ ಮನೆಯಿಂದ ಬಂದದ್ದು ಮುಚ್ಚಳದ ಕೆಳಗೆ ಕೂರುತ್ತೆ. ಟ್ರೇ ಅಡಿಯಲ್ಲಿ ಇನ್ನೊಂದು ಪಾತ್ರೆಯಲ್ಲಿ ಬಿಸಿನೀರು, ಅದರಡಿಯಲ್ಲಿ ಚಿಕ್ಕ ಡಬ್ಬಿಯ ಉರಿ. ಆ ನೀರು ಆರಿಹೋದರೆ ತಳ ಸೀಯುತ್ತೆ, ಉರಿ ನಂದಿದರೆ ಎಲ್ಲ ತಣ್ಣಗಾಗುತ್ತೆ. ಒಂದು ಸಲ ಮುಚ್ಚಳ ಎತ್ತಿ ನೋಡಿದೆ. ನೂಡಲ್ಸ್ ಒಂದಕ್ಕೊಂದು ಅಂಟಿಕೊಂಡು ಇಡೀ ಟ್ರೇ ಒಂದೇ ಮುದ್ದೆ. ಚಮಚ ಹಾಕಿ ಎತ್ತಿದರೆ ಅರ್ಧ ಟ್ರೇ ಎದ್ದು ಬರುತ್ತಿತ್ತು. ಮೇಲಿನ ಕ್ಯಾಬೇಜ್ ಎಳೆಗಳು ಒಣಗಿ ಕಂದು ತಿರುಗಿದ್ದವು. ಪಕ್ಕದ ಟ್ರೇಯ ಡ್ರೈ ಗೋಬಿ ಮುಚ್ಚಳದ ಹಬೆಗೆ ಒದ್ದೆಯಾಗಿ, ಹೊರಗಿನ ಹಿಟ್ಟು ಸಿಪ್ಪೆ ಸುಲಿದ ಹಾಗೆ ಕಳಚಿ ಬೀಳುತ್ತಿತ್ತು. ಕೈ ಇಟ್ಟು ನೋಡಿದರೆ ಉಗುರು ಬೆಚ್ಚಗೆ. ಬಿಸಿ ಊಟವನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಇಡಬೇಕು ಅಂತ ಆಹಾರ ಸುರಕ್ಷತೆಯ ನಿಯಮವೇ ಹೇಳುತ್ತೆ.

ಇದನ್ನು ಸರಿಪಡಿಸೋಕೆ ರೇಟು ಏರಿಸಬೇಕಾಗಿಲ್ಲ. ಟ್ರೇ ಚಿಕ್ಕದು ಮಾಡಿ. ಎರಡು ಗಂಟೆಗಾಗುವಷ್ಟು ನೂಡಲ್ಸ್ ಒಂದೇ ಸಲ ತುಂಬಿಡುವ ಬದಲು, ಇಪ್ಪತ್ತು ನಿಮಿಷಕ್ಕಾಗುವಷ್ಟು ತನ್ನಿ. ಮುಗಿಯಿತಾ, ಮತ್ತೆ ಮಾಡಿ. ಸಾಮಾನು ಅಷ್ಟೇ, ಗ್ಯಾಸ್ ಸ್ವಲ್ಪ ಜಾಸ್ತಿ, ಮಿಕ್ಕಿ ಬಿಸಾಡುವುದು ಕಡಿಮೆ. ಡ್ರೈ ಗೋಬಿಗೆ ಮುಚ್ಚಳವೇ ಬೇಡ. ಅದನ್ನು ಸೀದಾ ಟೇಬಲ್ಲಿಗೆ ತಂದು ಎರಡೆರಡು ತುಂಡು ಹಾಕಿ ಹೋಗಲಿ, ಪಂಕ್ತಿಯಲ್ಲಿ ಹೋಳಿಗೆ ಬಡಿಸುವ ಹಾಗೆ. ಜನ ಖುಷಿಯಾಗಿ ತಿನ್ನುತ್ತಾರೆ.

ಬಣ್ಣದ ವಿಷಯಕ್ಕೆ ಬರುತ್ತೇನೆ. 2024ರ ಮಾರ್ಚ್‌ನಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವ ಹಾಗಿಲ್ಲ ಅಂತ ಘೋಷಿಸಿದರು. ರಾಜ್ಯದಲ್ಲಿ ತೆಗೆದ 171 ಗೋಬಿ ಮಂಚೂರಿ ಸ್ಯಾಂಪಲ್‌ಗಳಲ್ಲಿ 107ರಲ್ಲಿ ಸುರಕ್ಷಿತವಲ್ಲದ ಬಣ್ಣ ಸಿಕ್ಕಿತ್ತು. ತಪ್ಪು ಮಾಡಿದವರಿಗೆ 7 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ ಅಂತಲೂ ಹೇಳಿದರು. ಕೆಲವು ತಿಂಗಳು ಊರಿನ ಗೋಬಿಯೆಲ್ಲ ಕಂದು ಬಣ್ಣಕ್ಕೆ ತಿರುಗಿತ್ತು. ಈಗ ಅಲ್ಲಲ್ಲಿ ಮತ್ತೆ ಬೆರಳಿಗೆ ಅಂಟುವ ಕೆಂಪು ಕಾಣುತ್ತಿದೆ. ನನಗೆ ಇದು ನಿಜಕ್ಕೂ ಬೇಜಾರಾಗುತ್ತೆ. ಯಾಕೆಂದರೆ ಬಣ್ಣಕ್ಕೇ ಹೆಸರಾದ ಬ್ಯಾಡಗಿ ಮೆಣಸಿನಕಾಯಿ ಪಕ್ಕದ ಹಾವೇರಿ ಜಿಲ್ಲೆಯದು. ಖಾರ ಕಡಿಮೆ, ಕೆಂಪು ಜಾಸ್ತಿ. ನೆನೆಸಿ ರುಬ್ಬಿ ಹಾಕಿದರೆ ಗ್ರೇವಿಗೆ ಎಂಥ ಚೆಂದದ ಬಣ್ಣ ಬರುತ್ತೆ ಅಂತ ಇಲ್ಲಿನ ಯಾವ ಹೆಣ್ಣುಮಗಳನ್ನು ಕೇಳಿದರೂ ಹೇಳುತ್ತಾಳೆ. ಪುಡಿ ಬಣ್ಣದಷ್ಟು ಅಗ್ಗ ಅಲ್ಲ, ನಿಜ. ಆದರೆ ತಟ್ಟೆ ಲೆಕ್ಕದಲ್ಲಿ ಅದು ದೊಡ್ಡ ಖರ್ಚೂ ಅಲ್ಲ. ಐದು ರೂಪಾಯಿ ಜಾಸ್ತಿ ಮಾಡಿ, ಕೊಡುತ್ತೇವೆ.

ಎಣ್ಣೆಯದ್ದೂ ಹೀಗೇ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಕೆಟ್ಟ ಅಂಶ 25% ದಾಟಿದರೆ ಅದನ್ನು ಬಳಸುವಂತಿಲ್ಲ ಅನ್ನುವ ನಿಯಮ 2018ರ ಜುಲೈ 1ರಿಂದ ಇದೆ. ಅನ್ನದ ಬಗ್ಗೆ ಮಾತ್ರ ಜನರಿಗೆ ಅಷ್ಟು ತಿಳಿದಿಲ್ಲ. ಫ್ರೈಡ್ ರೈಸಿಗೆ ಹಿಂದಿನ ದಿನದ ಅನ್ನ ಚೆನ್ನ, ಉದುರುದುರಾಗಿರುತ್ತೆ. ಆದರೆ ಅದನ್ನು ಬೇಗ ಆರಿಸಿ ಫ್ರಿಜ್ಜಿನಲ್ಲಿಟ್ಟಿರಬೇಕು. ರಾತ್ರಿಯೆಲ್ಲ ಹೊರಗೆ ಬಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತೆ. ಅದು ಬಿಡುವ ವಿಷ ಮತ್ತೆ ಹುರಿದರೂ ಹೋಗಲ್ಲ, ವಾಂತಿ ತರಿಸುತ್ತೆ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಹೊರಗಿಟ್ಟ ಅನ್ನ ಏನಾಗುತ್ತೆ ಅಂತ ಬೇರೆ ಹೇಳಬೇಕಾ?

ಇನ್ನು ಒಂದು ನೋವಿನ ವಿಷಯ. ಪನೀರ್ ಚಿಲ್ಲಿ ಟ್ರೇ ಖಾಲಿಯಾದ ಮೇಲೆ "ಬರ್ತಾ ಇದೆ ಮೇಡಂ" ಅಂತ ಮುಕ್ಕಾಲು ಗಂಟೆ ಕಾಯಿಸುವ ಪದ್ಧತಿ. ಅಷ್ಟರಲ್ಲಿ ನೂಡಲ್ಸ್, ರೈಸ್ ತಿಂದು ಹೊಟ್ಟೆ ತುಂಬಿಸಿಕೊಳ್ಳಲಿ ಅಂತ. ಸೂಪಿನ ನಂತರ ಸಾಲಿನಲ್ಲಿ ಮೊದಲು ಅನ್ನ, ನೂಡಲ್ಸ್ ಇಟ್ಟು ಪನೀರನ್ನು ಕೊನೆಗಿಡುವುದು ಅರ್ಥವಾಗುತ್ತೆ, ಅದು ವ್ಯಾಪಾರ. ಆದರೆ ಬೋರ್ಡಿನಲ್ಲಿ ಅನ್‌ಲಿಮಿಟೆಡ್ ಅಂತ ಬರೆದು ಹೀಗೆ ಮಾಡುವುದು ಸರಿಯಲ್ಲ. ಕೊಡೋಕೆ ಕಷ್ಟವಾದರೆ "ಪನೀರ್ ಒಂದೇ ಸಲ" ಅಂತ ನೇರವಾಗಿ ಬರೆಯಿರಿ. ಯಾರೂ ಬೇಜಾರು ಮಾಡಿಕೊಳ್ಳಲ್ಲ. ಟ್ರೇ ತುಂಬಿಸುವ ಹುಡುಗನನ್ನು ಗದರಬೇಡಿ ಅಂತ ಊಟಕ್ಕೆ ಬರುವವರಿಗೂ ಕೇಳಿಕೊಳ್ಳುತ್ತೇನೆ. ಎಷ್ಟೋ ಕಡೆ ಈ ಕೆಲಸಕ್ಕೆ ನೇಪಾಳ, ಡಾರ್ಜಿಲಿಂಗ್, ಅಸ್ಸಾಂ ಕಡೆಯಿಂದ ಬಂದ ಹುಡುಗರಿರುತ್ತಾರೆ. ಯಾವಾಗ ತುಂಬಿಸಬೇಕು ಅನ್ನುವುದು ಅವರ ಕೈಯಲ್ಲಿರಲ್ಲ, ಬೈಗುಳ ಮಾತ್ರ ಅವರ ಪಾಲಿಗೆ.

ಮತ್ತೆ, ತಟ್ಟೆ ತುಂಬ ಗುಡ್ಡೆ ಹಾಕಿಕೊಂಡು ಅರ್ಧ ಬಿಟ್ಟು ಏಳುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತೆ. ದುಡ್ಡು ಕೊಟ್ಟಿದ್ದೇವೆ ಅನ್ನುತ್ತಾರೆ. ಬಿಟ್ಟು ಏಳುವವರ ಖರ್ಚೆಲ್ಲ ಸೇರಿಯೇ ಮುಂದಿನ ವರ್ಷ 249 ಇದ್ದದ್ದು 299 ಆಗುತ್ತೆ. ಆಗ ಬಾಗಿಲಿನಿಂದಲೇ ವಾಪಸ್ ಹೋಗುವವರು ಜಗಳೂರಿನಿಂದ ಬಂದ ಆ ಮನೆಮಂದಿ.

ಹೋಗುವವರಿಗೆ ನನ್ನ ಅನುಭವದಿಂದ ಒಂದಿಷ್ಟು: ಬಾಗಿಲು ತೆಗೆದ ಅರ್ಧ ಗಂಟೆಯೊಳಗೆ ಹೋಗಿ, ಎಲ್ಲ ಬಿಸಿ ಇರುತ್ತೆ. ತಡವಾದರೆ ಸೂಪ್, ಗ್ರೇವಿ ಮಂಚೂರಿ ತಗೊಳ್ಳಿ, ಅವು ಸ್ವಲ್ಪ ಹೊತ್ತು ಟ್ರೇಯಲ್ಲಿದ್ದರೂ ರುಚಿ ಅಷ್ಟು ಕೆಡಲ್ಲ. ಹೊಸ ಟ್ರೇ ಬಂದಾಗ ಮಾತ್ರ ನೂಡಲ್ಸ್ ಹಾಕಿಕೊಳ್ಳಿ. ತಣ್ಣಗಿದ್ದರೆ ಸುಮ್ಮನೆ ತಿನ್ನಬೇಡಿ, ಬಿಸಿ ಮಾಡಿಸಿ ಕೊಡಿ ಅಂತ ಕೇಳಿ. ಕಡಿಮೆ ದುಡ್ಡು ಕೊಟ್ಟವರಿಗೂ ಅದನ್ನು ಕೇಳುವ ಹಕ್ಕಿದೆ. ಹರಿಹರ, ಚಿತ್ರದುರ್ಗದ ಕಡೆ ಬಣ್ಣ ಹಾಕದೆ, ಚಿಕ್ಕ ಟ್ರೇಗಳಲ್ಲಿ ಬಿಸಿಬಿಸಿಯಾಗಿ ಕೊಡುವ ಇಂಥ ಬಫೆ ಗೊತ್ತಿದ್ದರೆ ಕೆಳಗೆ ಬರೆಯಿರಿ. ಮುಂದಿನ ಸಲ ಅತ್ತೆಯನ್ನೂ ಕರೆದುಕೊಂಡು ಅಲ್ಲಿಗೇ ಹೋಗುತ್ತೇವೆ.